ಲೆಕ್ಕ ಓಡುವಾಗ ಟಿಕಿಂಟರ್ ಕಿಟಕಿ ಸ್ತಬ್ಧ

ಪ್ರಶ್ನೆ (ಶಿರಸಿ): ಅಡಿಕೆ ಟೆಂಡರಿನ ಹಳೇ ಸಿಎಸ್‌ವಿ ಫೈಲುಗಳಿಂದ ರಾಶಿ, ಚಾಲಿ, ಬೆಟ್ಟೆ ಎಂಬ ಅಡಿಕೆ ವಿಧಗಳ ದರದ ಸರಾಸರಿ ತೆಗೆಯುವ ಪ್ರೋಗ್ರಾಂ. ಕಿಟಕಿ ಮಾಡಿದ್ದು ಟಿಕಿಂಟರ್‌ನಲ್ಲಿ (ಪೈಥಾನ್‌ನಲ್ಲಿ ಕಿಟಕಿ, ಬಟನ್ ಮಾಡುವ ಲೈಬ್ರರಿ). ಬಟನ್ ಒತ್ತಿದ ಕೂಡಲೇ 'ನಾಟ್ ರೆಸ್ಪಾಂಡಿಂಗ್' ಬರ್ತದೆ. ಲೂಪಿನೊಳಗೆ ಅಪ್‌ಡೇಟ್ (ಕಿಟಕಿಯ ಬಾಕಿ ಕೆಲಸ ಮಾಡಿಸುವ ಫಂಕ್ಷನ್) ಕರೆದರೆ ಕಿಟಕಿ ಅಲ್ಲಾಡ್ತದೆ, ಆದರೆ ಮತ್ತೊಮ್ಮೆ ಒತ್ತಿದರೆ ಲೆಕ್ಕದೊಳಗೇ ಇನ್ನೊಂದು ಲೆಕ್ಕ ಶುರು. ಏನು ಮಾಡಬೇಕು?

ಉತ್ತರ (ಕಾರವಾರ): ಅಪ್‌ಡೇಟ್ ತೆಗೆದುಬಿಡಿ. ಮೇನ್‌ಲೂಪ್ (ಕ್ಲಿಕ್ ಗಮನಿಸಿ ಕಿಟಕಿ ನಡೆಸುವ ಸುತ್ತು) ಓಡುವ ಥ್ರೆಡ್ಡಿನಲ್ಲೇ (ಪ್ರೋಗ್ರಾಮಿನೊಳಗೆ ಕೆಲಸ ಸಾಗುವ ಒಂದು ಎಳೆ) ನಿಮ್ಮ ಲೆಕ್ಕವೂ ಕೂತಿದೆ, ಅದು ಮುಗಿಯುವ ತನಕ ಕಿಟಕಿಯನ್ನು ಮತ್ತೆ ಚಿತ್ರಿಸುವವರೇ ಇಲ್ಲ. ಬಟನ್ ಡಿಸೇಬಲ್ ಮಾಡಿ, ಲೆಕ್ಕವನ್ನು ಬೇರೆ ಥ್ರೆಡ್ಡಿಗೆ ಕೊಡಿ. ಥ್ರೆಡ್ ಮಾಡುವಾಗ ಟಾರ್ಗೆಟ್‌ಗೆ (ಅದು ಓಡಿಸಬೇಕಾದ ಕೆಲಸ) ಫಂಕ್ಷನ್ನಿನ ಹೆಸರಷ್ಟೇ ಸಾಕು. ಪಕ್ಕದಲ್ಲಿ ಆವರಣ ಚಿಹ್ನೆ ಹಾಕಿದಿರೋ, ಅಲ್ಲೇ ಓಡಿಬಿಡ್ತದೆ, ಕಿಟಕಿ ಮತ್ತೆ ನಿಲ್ತದೆ. ಆ ಥ್ರೆಡ್ ಲೇಬಲ್, ಪ್ರೋಗ್ರೆಸ್ ಬಾರ್ ಯಾವುದನ್ನೂ ಮುಟ್ಟಬಾರದು. ಫಲಿತಾಂಶವನ್ನು ಕ್ಯೂಗೆ (ಥ್ರೆಡ್‌ಗಳ ನಡುವೆ ಸಂದೇಶ ಸಾಗಿಸುವ ಸಾಲು) ಹಾಕಲಿ. ಮೇನ್ ಕಡೆ ರೂಟ್‌ನ (ಮುಖ್ಯ ಕಿಟಕಿ) ಆಫ್ಟರ್‌ನಿಂದ 100 ಮಿಲಿಸೆಕೆಂಡಿಗೊಮ್ಮೆ ಗೆಟ್ ನೋವೇಟ್ (ಕಾಯದೆ ಕ್ಯೂ ನೋಡುವ ಕರೆ) ಮಾಡಿ ನೋಡಿ. ಬರೀ ಗೆಟ್ ಬರೆದರೆ ಅದೇ ಕಾದು ಕೂರ್ತದೆ.

ಉತ್ತರ (ಕುಮಟಾ): ಮೇಲಿನದು ಸರಿ. ಥ್ರೆಡ್ಡಿನೊಳಗೆ ಎಕ್ಸೆಪ್ಶನ್ (ದೋಷ) ಬಂದರೆ ಬಟನ್ ಹಾಗೇ ಮುಚ್ಚಿರ್ತದೆ, ಹಾಗಾಗಿ ಫೈನಲಿಯಲ್ಲಿ (ದೋಷ ಬಂದರೂ ಬಿಟ್ಟರೂ ಓಡುವ ಭಾಗ) 'ಮುಗಿಯಿತು' ಎಂಬ ಸಂದೇಶ ಕ್ಯೂಗೆ ಹಾಕಿ. ನಡುವೆ ನಿಲ್ಲಿಸಲು ಥ್ರೆಡಿಂಗ್ ಇವೆಂಟ್ (ನಿಲ್ಲು ಎಂದು ಸೂಚಿಸುವ ಬಾವುಟ) ಇಟ್ಟು ಪ್ರತಿ ಫೈಲಿಗೊಮ್ಮೆ ಪರೀಕ್ಷಿಸಿ. ಶುದ್ಧ ಪೈಥಾನ್ ಲೆಕ್ಕ ಭಾರೀ ಇದ್ದರೆ ಜಿಐಎಲ್‌ನಿಂದಾಗಿ (ಒಂದು ಸಲಕ್ಕೆ ಒಂದೇ ಥ್ರೆಡ್ ಪೈಥಾನ್ ಓಡಿಸಲು ಬಿಡುವ ಬೀಗ) ಥ್ರೆಡ್ ಇದ್ದರೂ ಕಿಟಕಿ ತಡವರಿಸ್ತದೆ. ಆಗ ಪ್ರೋಸೆಸ್ ಪೂಲೇ (ಬೇರೆ ಬೇರೆ ಪೈಥಾನ್ ಪ್ರೋಸೆಸ್‌ಗಳಿಗೆ ಕೆಲಸ ಹಂಚುವ ವ್ಯವಸ್ಥೆ) ಬೇಕು. ವಿಂಡೋಸ್‌ನಲ್ಲಿ ಕಿಟಕಿ ತೆರೆಯುವ ಸಾಲುಗಳನ್ನು 'ನೇಮ್ ಈಕ್ವಲ್ಸ್ ಮೇನ್' (if __name__ == "__main__") ಷರತ್ತಿನೊಳಗೇ ಇಡಿ.