ಡೆಕ್ಕನಿ ಉಣ್ಣೆ ಬ್ಯಾಗ್ ಗಟ್ಟಿ ಆಗ್ತಿಲ್ಲ, ಕೂದ್ಲು ಉದುರ್ತಿದೆ, ಹೆಲ್ಪ್ ಮಾಡಿ

ಬಸವನಗುಡಿ_ಉಣ್ಣೆ
ಎಲ್ರಿಗೂ ನಮಸ್ಕಾರ. ಚಳ್ಳಕೆರೆ ಕಡೆಯಿಂದ ತರಿಸಿದ ಡೆಕ್ಕನಿ (ನಮ್ಮ ನಾಟಿ ಕುರಿ ತಳಿ) ಕರಿ ಉಣ್ಣೆಯಲ್ಲಿ ಹೆಗಲಿಗೆ ಹಾಕ್ಕೊಳ್ಳೋ ಬ್ಯಾಗ್ ಮಾಡ್ತಿದೀನಿ, ವೆಟ್ ಫೆಲ್ಟಿಂಗ್ (ಬಿಡಿ ಉಣ್ಣೆನ ಬಿಸಿ ಸೋಪ್ ನೀರಲ್ಲಿ ಉಜ್ಜಿ ಗಟ್ಟಿ ಬಟ್ಟೆ ಥರ ಮಾಡೋದು), ಮಧ್ಯೆ ಪ್ಲಾಸ್ಟಿಕ್ ಶೀಟ್ ಟೆಂಪ್ಲೇಟ್ ಇಟ್ಟು ಹೊಲಿಗೆನೇ ಇಲ್ದೆ. ಟೆಂಪ್ಲೇಟ್ ಅಗಲ 45 ಸೆಂ.ಮೀ., ಮುಗಿದ್ಮೇಲೆ 30 ಬರ್ಬೇಕು ಅಂತ ಲೆಕ್ಕ. ಆದ್ರೆ ಎಷ್ಟು ಉಜ್ಜಿದ್ರೂ, ಬಿದಿರಿನ ಚಾಪೇಲಿ ಸುತ್ತಿ ಉರುಳಿಸಿದ್ರೂ 40ಕ್ಕೆ ಬಂದು ನಿಂತೋಗಿದೆ. ಎತ್ತಿದ್ರೆ ಜೋಲು ಬೀಳತ್ತೆ, ಬಿಳಿ ಸೀರೆ ಮೇಲೆಲ್ಲ ಕರಿ ಕೂದ್ಲು ಅಂಟ್ಕೊಳತ್ತೆ, ಒಣಗಿದ್ಮೇಲೆ ಬೂದಿ ಮೆತ್ತಿದ ಹಾಗೆ ಬೆಳ್ಳಗೆ ಏನೋ ಕೂತಿರತ್ತೆ. ಇದೇ ಥರ ಮೆರಿನೊ (ನುಣುಪು ಉಣ್ಣೆ ಕೊಡೋ ಕುರಿ ತಳಿ) ಉಣ್ಣೆಲಿ ಮಾಡಿದ ಕೋಸ್ಟರ್‌ಗಳು ಚೆನ್ನಾಗೇ ಬಂದಿದ್ವು. ನೀರು ಬೋರ್‌ವೆಲ್ದು, ಸೋಪು ಮಾಮೂಲಿ ಬಾರ್ ಸೋಪು ತುರಿದು ಕರಗಿಸಿದ್ದು. ಉಣ್ಣೆನೇ ಸರಿ ಇಲ್ವಾ?

ವಿಜಯನಗರ_ಕರಕುಶಲ
ನಾಟಿ ಕುರಿ ಉಣ್ಣೆ ಕಂಬಳಿಗೆ ಸರಿ ಮೇಡಂ, ಫೆಲ್ಟಿಗೆ ಅಲ್ಲ. ಮೆರಿನೊ ತಗೊಂಡು ಹೊಸ್ದಾಗಿ ಶುರು ಮಾಡಿ.

ಹಿಂಜೋ_ಕೈ
ದಯವಿಟ್ಟು ಬಿಸಾಕ್ಬೇಡಿ ಮೇಡಂ, ನಿಮ್ಮ ಬ್ಯಾಗ್ ಕೆಟ್ಟಿಲ್ಲ, ಇನ್ನೂ ಮುಗಿದೇ ಇಲ್ಲ ಅಷ್ಟೇ. ನಿಮ್ಮ ಲೆಕ್ಕಾನೇ ನೋಡಿ, 45ರಿಂದ 40 ಅಂದ್ರೆ ನೂರಕ್ಕೆ ಹನ್ನೊಂದು ಭಾಗ ಕುಗ್ಗಿದೆ. ಗಟ್ಟಿ ಬ್ಯಾಗ್ ಆಗ್ಬೇಕು ಅಂದ್ರೆ ನೂರಕ್ಕೆ ಮೂವತ್ತು ಭಾಗ ಆದ್ರೂ ಕುಗ್ಬೇಕು. ಜೋಲು ಬೀಳೋದು, ಉದುರೋದು ಎರಡಕ್ಕೂ ಕಾರಣ ಇದೇನೇ, ಎಳೆಗಳು ಒಂದಕ್ಕೊಂದು ಇನ್ನೂ ಸಿಕ್ಕಾಕ್ಕೊಂಡಿಲ್ಲ.

ಮೆರಿನೊ ಎಳೆ ದಪ್ಪ 24 ಮೈಕ್ರಾನ್ (ಮಿಲಿಮೀಟರ್‌ನ ಸಾವಿರದ ಒಂದು ಭಾಗ ಅಂದ್ರೆ ಒಂದು ಮೈಕ್ರಾನ್) ಒಳಗಿರತ್ತೆ, ಮೈಮೇಲೆ ಸಣ್ಣ ಸಣ್ಣ ಪೊರೆ ಒತ್ತೊತ್ತಾಗಿ, ಬಿಸಿ ಸೋಪ್ ನೀರು ಬಿದ್ದು ಅಲುಗಾಡಿದ ಕೂಡ್ಲೆ ಹೆಣೆದುಕೊಳ್ಳತ್ತೆ. ನಮ್ಮ ಡೆಕ್ಕನಿದು 30ರ ಮೇಲೇನೇ, ಒಳಗೆ ಟೊಳ್ಳಿರೋ ಒರಟು ಕೂದ್ಲೂ ಜಾಸ್ತಿ, ಹಾಗಾಗಿ ನಿಧಾನ, ಆದ್ರೆ ಆಗತ್ತೆ. ನೀವು ಸುಸ್ತಾದ್ರಿ ಅಂತ ಅದು ಮುಗಿದ ಹಾಗಲ್ಲ.

ಆ ಬೂದಿ ಬಗ್ಗೆ ಮಾತ್ರ ನಂಗೆ ಜೋರಾಗಿ ಡೌಟಿದೆ. ಒಂದು ಬಾಟ್ಲಿಲಿ ಬೋರ್ ನೀರು ಅರ್ಧ, ಸೋಪಿನ ಚೂರು ಒಂದು ಹಾಕಿ ಜೋರಾಗಿ ಕುಲುಕಿ, ಇನ್ನೊಂದ್ರಲ್ಲಿ ಫಿಲ್ಟರ್ ನೀರು ಹಾಕಿ ಅದೇ ಥರ ಮಾಡಿ, ಏನಾಯ್ತು ಹೇಳಿ.

ಬಸವನಗುಡಿ_ಉಣ್ಣೆ
ಮಾಡ್ದೆ. ಬೋರ್ ನೀರಲ್ಲಿ ನೊರೆ ಹೆಸರಿಗೆ ಬಂದು ಹೋಯ್ತು, ನೀರು ಹಾಲಿನ ಥರ ಕದಡಿ ಮೇಲೆ ಕೆನೆ ಹಾಗೆ ತೇಲ್ತಿದೆ. ಫಿಲ್ಟರ್ ನೀರಲ್ಲಿ ಬಾಟ್ಲಿ ಕುತ್ತಿಗೆವರೆಗೂ ನೊರೆ!

ಹಿಂಜೋ_ಕೈ
ಅದೇ ಮೇಡಂ. ಗಡಸು ನೀರು. ಅದರಲ್ಲಿರೋ ಕ್ಯಾಲ್ಶಿಯಂ ಮೆಗ್ನೀಶಿಯಂ ಎಲ್ಲ ಸೋಪಿನ ಜೊತೆ ಸೇರಿ ಜಿಡ್ಡಾಗಿ ಉಣ್ಣೆ ಮೇಲೆ ಕೂರತ್ತೆ, ಕೆಲ್ಸ ಮಾಡೋಕೆ ಸೋಪೇ ಉಳಿಯಲ್ಲ. ಮೆರಿನೊ ಸುಲಭದ ಉಣ್ಣೆ, ಅದಕ್ಕೇ ಈ ನೀರಲ್ಲೂ ಬಂದಿದೆ. ಕಾವೇರಿ ನೀರು ಬರೋ ದಿನ ಹಿಡಿದಿಟ್ಕೊಳ್ಳಿ, ಅಥ್ವಾ ಮಳೆನೀರಿನ ಸಂಪಿದ್ರೆ ಅದು ಇನ್ನೂ ಒಳ್ಳೇದು. ಏನೂ ಇಲ್ಲ ಅಂದ್ರೆ ಸೋಪಿನ ಬದ್ಲು ಪಾತ್ರೆ ತೊಳೆಯೋ ಲಿಕ್ವಿಡ್ ಸ್ವಲ್ಪ ಹಾಕಿ, ಅದು ಗಡಸು ನೀರಲ್ಲಿ ಈ ಥರ ಜಿಡ್ಡಾಗಲ್ಲ.

ಮೊದ್ಲು ಹಳೇ ಜಿಡ್ಡು ತೆಗೀರಿ, ಬಕೆಟ್ ಉಗುರುಬೆಚ್ಚಗಿನ ನೀರಿಗೆ ಅರ್ಧ ಲೋಟ ವಿನಿಗರ್ ಹಾಕಿ ನೆನೆಸಿ, ಮೆದು ನೀರಲ್ಲಿ ಜಾಲಿಸಿ. ಆಮೇಲೆ ಟೆಂಪ್ಲೇಟ್ ತೆಗೆದುಬಿಡಿ, ಅದು ಒಳಗಿದ್ರೆ ಕುಗ್ಗೋಕೆ ಜಾಗ ಎಲ್ಲಿ? ಕೈ ತಡೆಯೋಷ್ಟು ಬಿಸಿ ನೀರು ಹಾಕಿ, ಸುತ್ತಿ ಉರುಳಿಸಿ, ಉದ್ದಕ್ಕೆ, ಅಡ್ಡಕ್ಕೆ, ತಿರುಗಿಸಿ ಮತ್ತೆ, ಯಾಕಂದ್ರೆ ಯಾವ ದಿಕ್ಕಿಗೆ ಉರುಳಿಸ್ತೀರೋ ಆ ದಿಕ್ಕಿಗೇ ಕುಗ್ಗತ್ತೆ. ಅಂಚು ಮಡಿಕೆ ಬಿದ್ದಿದ್ರೆ ಒಳಗೆ ಕೈ ಹಾಕಿ ಬೆರಳಲ್ಲಿ ಉಜ್ಜಿ. ಕೊನೆಗೆ ಒಗೆಯೋ ಕಲ್ಲಿಗೆ ಹಾಕಿ ನಾಲ್ಕು ಬಡಿದ್ರೂ ಈ ಉಣ್ಣೆ ಜಗ್ಗಲ್ಲ. ಎರಡು ಬೆರಳಲ್ಲಿ ಚಿವುಟಿ ಎತ್ತಿ ನೋಡಿ, ಕೂದ್ಲು ಬಿಡಿಯಾಗಿ ಬಂದ್ರೆ ಇನ್ನೂ ಬಾಕಿ, ಇಡೀ ಬ್ಯಾಗೇ ಮೇಲೆ ಬಂದ್ರೆ ಆಯ್ತು.

ಜಯನಗರ_4ನೇ_ಬ್ಲಾಕ್
ವಾಷಿಂಗ್ ಮಷೀನ್‌ಗೆ ಹಾಕಿದ್ರೆ ಆಗಲ್ವಾ?

ಹಿಂಜೋ_ಕೈ
ಉದುರ್ತಿರೋವಾಗ ಬೇಡ, ಡ್ರೈನ್ ಪೈಪ್ ಕಟ್ಕೊಳತ್ತೆ. ಹಾಕ್ಲೇಬೇಕು ಅಂದ್ರೆ ದಿಂಬಿನ ಕವರ್ ಒಳಗೆ ಕಟ್ಟಿ ಹಾಕಿ. ಶೇಪ್ ಸೊಟ್ಟ ಆದ್ರೆ ಆಮೇಲೆ ಸರಿ ಮಾಡೋದು ಕಷ್ಟ, ನಾನಾದ್ರೆ ಕೈಲೇ ಮಾಡ್ತೀನಿ.

ಹಿರಿಯೂರು_ಹುಡುಗ
ನಮ್ಮ ಮನೇಲಿ ಕುರಿ ಇದಾವೆ ಅಕ್ಕ, ಈಗ ಬೆಂಗ್ಳೂರಲ್ಲಿದೀನಿ. ಉಣ್ಣೆ ಕೊಂಡ್ಕೊಳ್ಳೋವಾಗ ಮರಿ ಉಣ್ಣೆ ಕೇಳಿ, ಮೊದಲ ಸಲ ಕತ್ತರಿಸಿದ್ದು, ತುಂಬ ಮೆತ್ತಗಿರತ್ತೆ. ದೊಡ್ಡ ಕುರಿದು ಹೊರಗಡೆ ಲೇಯರ್‌ಗೆ, ಮರಿದು ಒಳಗಡೆಗೆ ಹಾಕ್ಬೋದು. ಚೆನ್ನಾಗಿ ಹಿಂಜಿರ್ಬೇಕು, ಗಂಟಿದ್ರೆ ಅಲ್ಲಿ ಹಿಡಿಯಲ್ಲ. ಮೇಲಿನೋರು ಮೆರಿನೊ ತಗೊಳ್ಳಿ ಅಂದ್ರು, ಬೇಜಾರಾಯ್ತು. ಊರಲ್ಲಿ ಉಣ್ಣೆಗೆ ರೇಟೇ ಇಲ್ಲ, ಕತ್ತರಿಸೋ ಕೂಲಿನೂ ಹುಟ್ಟಲ್ಲ. ನಿಮ್ಮಂಥೋರು ಬ್ಯಾಗ್ ಮಾಡಿದ್ರೆ ನಮಗೆ ದೊಡ್ಡ ವಿಷ್ಯ.

ವಿಜಯನಗರ_ಕರಕುಶಲ
ಬೇಜಾರ್ ಮಾಡ್ಕೋಬೇಡಿ, ಬೇಗ ಆಗ್ಲಿ ಅಂತ ಹೇಳ್ದೆ. ದಿನಾ ತಿಕ್ಕಾಡೋ ಬ್ಯಾಗ್‌ಗೆ ಮೆರಿನೊ ಮೇಲೆ ಬೇಗ ಸಣ್ಣ ಸಣ್ಣ ನೂಲುಂಡೆ ಏಳತ್ತೆ ಅನ್ನೋದೂ ನಿಜ. ಕುಕ್ಕರ್ ಇಳಿಸೋ ಮ್ಯಾಟ್‌ಗೂ ಈ ಒರಟು ಉಣ್ಣೆನೇ ಚೆಂದ, ಅಕ್ರಿಲಿಕ್ ಫೆಲ್ಟ್ ಥರ ಬಿಸಿಗೆ ಕರಗಲ್ಲ.

ಬಸವನಗುಡಿ_ಉಣ್ಣೆ
ಕಾವೇರಿ ನೀರಲ್ಲಿ ಮಾಡ್ದೆ, 32ಕ್ಕೆ ಬಂದಿದೆ!! ಚಿವುಟಿದ್ರೆ ಇಡೀ ಬ್ಯಾಗ್ ಏಳತ್ತೆ. ತುಂಬ ತುಂಬ ಥ್ಯಾಂಕ್ಸ್. ಒಂದೇ ಡೌಟು, ಹ್ಯಾಂಡಲ್ ಬೇರೆ ಮಾಡಿ ಗಟ್ಟಿ ಮಾಡಿಟ್ಟಿದೀನಿ, ಅದನ್ನ ಈಗ ಫೆಲ್ಟ್ ಮಾಡೇ ಅಂಟಿಸ್ಬೋದಾ?

ಹಿಂಜೋ_ಕೈ
ಆಗಲ್ಲ ಮೇಡಂ, ಎರಡೂ ಗಟ್ಟಿ ಆದ್ಮೇಲೆ ಕೂಡಲ್ಲ. ಫೆಲ್ಟ್ ಮಾಡೇ ಸೇರಿಸ್ಬೇಕು ಅಂದ್ರೆ ತುದಿನ ಒಣಗಿದ ಬಿಡಿ ಉಣ್ಣೆಯಾಗೇ ಬಿಟ್ಟು, ಬ್ಯಾಗ್ ಇನ್ನೂ ಮೆತ್ತಗಿರೋವಾಗ್ಲೇ ಮೈಮೇಲೆ ಹರಡಿ ಸೇರಿಸ್ಬೇಕು. ಇದನ್ನ ಮೇಣ ಹಚ್ಚಿದ ಹತ್ತಿ ದಾರದಲ್ಲಿ ಹೊಲೀರಿ, ಒಳಗಡೆ ಚರ್ಮದ್ದೋ ದಪ್ಪ ಖಾದಿದೋ ಒಂದು ತುಂಡು ಕೊಟ್ಟು, ಇಲ್ಲಾಂದ್ರೆ ಭಾರ ಹಾಕಿದಾಗ ಹೊಲಿಗೆ ಜಾಗದಲ್ಲಿ ಉಣ್ಣೆ ಎಳ್ಕೊಂಡು ಬರತ್ತೆ. ಹೊಲಿಯೋಕೆ ಮುಂಚೆ ಪೂರ್ತಿ ಒಣಗ್ಲಿ, ಈ ಮೋಡದಲ್ಲಿ ಫ್ಯಾನ್ ಕೆಳಗೆ ಇಡಿ, ಒಳಗೆ ಟವಲ್ ತುರುಕಿ.