ಸಹಾಯ ಬೇಕು: ಜೇಮ್ಸ್‌ಟೌನ್‌ನಲ್ಲಿರುವ ಲೂಸಿಲ್ ಬಾಲ್ ಸಮಾಧಿಗೆ ಹೋಗುವ ಬಗ್ಗೆ

ಎಲ್ಲರಿಗೂ ನಮಸ್ಕಾರ. ನ್ಯೂಯಾರ್ಕ್ ರಾಜ್ಯದ ಬಫಲೋ ಕಡೆ ಇರುವ ಕನ್ನಡಿಗರು ಯಾರಾದರೂ ಇದ್ದೀರಾ?

ಅಕ್ಟೋಬರ್‌ನಲ್ಲಿ ಅಮ್ಮನನ್ನು ಜೇಮ್ಸ್‌ಟೌನ್‌ಗೆ ಕರೆದುಕೊಂಡು ಹೋಗಬೇಕು ಅಂತಿದ್ದೇನೆ. ಅಲ್ಲಿನ ಲೇಕ್ ವ್ಯೂ ಸ್ಮಶಾನದಲ್ಲಿ 'ಐ ಲವ್ ಲೂಸಿ' ಅನ್ನೋ ಹಳೆಯ ಅಮೆರಿಕನ್ ಟಿವಿ ಹಾಸ್ಯ ಧಾರಾವಾಹಿಯ ನಟಿ ಲೂಸಿಲ್ ಬಾಲ್ ಅವರ ಸಮಾಧಿ ಇದೆ. ಅಮ್ಮನಿಗೆ ಅವರೆಂದರೆ ಪ್ರಾಣ.

1989ರಲ್ಲಿ ಲೂಸಿಲ್ ತೀರಿಕೊಂಡಿದ್ದು ಲಾಸ್ ಏಂಜಲೀಸ್‌ನಲ್ಲಿ. ಚಿತಾಭಸ್ಮವನ್ನು ಮೊದಲು ಅಲ್ಲೇ ಇಟ್ಟಿದ್ದರು. 2002ರಲ್ಲಿ ಮಕ್ಕಳು ಅದನ್ನು ಹುಟ್ಟೂರಿಗೆ ತಂದು, ಮನೆಯವರ ಸಮಾಧಿಗಳ ಜಾಗದಲ್ಲೇ ಇಟ್ಟರು. ಎಷ್ಟು ಒಳ್ಳೆ ಕೆಲಸ ಅಲ್ವಾ! ಅದೇ ಧಾರಾವಾಹಿಯಲ್ಲಿ ರಿಕಿಯಾಗಿದ್ದ ದೇಸಿ ಆರ್ನಾಜ್, ಎತೆಲ್ ಆಗಿದ್ದ ವಿವಿಯನ್ ವ್ಯಾನ್ಸ್ ಇಬ್ಬರಿಗೂ ಸಮಾಧಿಯೇ ಇಲ್ಲ, ಬೂದಿಯನ್ನು ಚೆಲ್ಲಿಬಿಟ್ಟರು. ಫ್ರೆಡ್ ಪಾತ್ರದ ವಿಲಿಯಂ ಫ್ರಾಲಿ ಅವರದು ದೂರದ ಕ್ಯಾಲಿಫೋರ್ನಿಯಾದಲ್ಲಿದೆ. ಹಾಗಾಗಿ ನಮಗೆ ಹೋಗಲು ಆಗುವುದು ಇದೊಂದೇ.

ಅಮ್ಮನಿಗೆ ಮಂಡಿನೋವು, ಜಾಸ್ತಿ ನಡೆಯಲು ಆಗುವುದಿಲ್ಲ. ಸಮಾಧಿಯ ಹತ್ತಿರದವರೆಗೆ ಕಾರು ಹೋಗುತ್ತಾ? ದಾರಿ ಏರುತಗ್ಗು ಇದೆಯಾ? ಹೂವು ಇಡಲು ಬಿಡುತ್ತಾರಾ? ಅದೇ ಊರಿನ ಲೂಸಿ ದೇಸಿ ಮ್ಯೂಸಿಯಂ, ನ್ಯಾಷನಲ್ ಕಾಮಿಡಿ ಸೆಂಟರ್ ಎರಡನ್ನೂ ವಯಸ್ಸಾದವರು ಒಂದೇ ದಿನದಲ್ಲಿ ಆರಾಮಾಗಿ ನೋಡಬಹುದಾ? ಸಸ್ಯಾಹಾರಿ ಊಟ ಸಿಗುವ ಜಾಗ ಗೊತ್ತಿದ್ದರೆ ಅದನ್ನೂ ತಿಳಿಸಿ. ಹೋಗಿ ಬಂದವರು ದಯವಿಟ್ಟು ಇಲ್ಲೇ ಬರೆಯಿರಿ.