14 ನಡೆಯ ಮಹಾಯುದ್ಧ

ಚೆಸ್ ಟೂರ್ನಮೆಂಟಿನ ಕೊನೆ ಸುತ್ತು ಶುರುವಾಗಿ ಅರ್ಧ ಗಂಟೆಯೂ ಆಗಿರಲಿಲ್ಲ, ನಾನು ಹೊರಗೆ ಬಂದೆ. ಸೋತೇ ಬಂದ ಅಂದುಕೊಂಡು ಗೆಳೆಯರಿಬ್ಬರೂ ಸಮಾಧಾನ ಹೇಳಲು ಶುರು ಮಾಡಿದರು.

"ಸೋತಿಲ್ಲ ಕಣ್ರೋ, ಡ್ರಾ."

"ಎಷ್ಟು ನಡೆ?" ಅಂದ ಗಡ್ಡ.

"14."

"ಅಷ್ಟರಲ್ಲಿ ನಾನಿನ್ನೂ ರಾಜನನ್ನು ಆನೆಯ ಪಕ್ಕ ಭದ್ರ ಮಾಡುವ ಕ್ಯಾಸಲಿಂಗೇ ಮಾಡಿರುವುದಿಲ್ಲ!"

"ನಾನೂ ಮಾಡಲಿಲ್ಲ. ಕಪ್ಪು ಕಾಯಿಯವರು ಆಟ ಶುರು ಮಾಡುವ ಒಂದು ಪಟ್ಟು, ಬರ್ಲಿನ್ ಡಿಫೆನ್ಸ್! 2000ದಲ್ಲಿ ಲಂಡನ್ನಿನಲ್ಲಿ ಕ್ರಾಮ್ನಿಕ್ ಇದನ್ನೇ ಹಿಡಿದು ಕಾಸ್ಪರೋವ್‌ನ ವಿಶ್ವ ಚಾಂಪಿಯನ್ ಪಟ್ಟ ಕಿತ್ತುಕೊಂಡ. 15 ಆಟದಲ್ಲಿ ಕಾಸ್ಪರೋವ್ ಒಂದೂ ಗೆಲ್ಲಲಿಲ್ಲ, ಗೊತ್ತಾ?"

ನಾವು ಮೇಷ್ಟ್ರು ಅಂತ ಕರೆಯುವ ಆಸಾಮಿಗೆ ಇಷ್ಟು ಸಾಕಾಯಿತು. "ಸ್ವಲ್ಪ ತಡಿ. ಅವರದರಲ್ಲಿ 8ನೇ ನಡೆಗೇ ರಾಣಿಯರಿಬ್ಬರೂ ಔಟ್, ಕಪ್ಪು ರಾಜ ಕ್ಯಾಸಲಿಂಗ್ ಹಕ್ಕನ್ನೂ ಕಳಕೊಂಡು ಆಮೇಲೆ ಗಂಟೆಗಟ್ಟಲೆ ಒದ್ದಾಡಬೇಕು. ನಿನ್ನದರಲ್ಲಿ ಯಾರು ಒದ್ದಾಡಿದರು?"

ಸಿಕ್ಕಿಬಿದ್ದೆ. 6ನೇ ನಡೆಯಲ್ಲಿ ಬಿಳಿ ತನ್ನ ಒಂಟೆಯಿಂದ ಸಿ6 ಅನ್ನುವ ಮನೆಯ ಕುದುರೆಯನ್ನು ಹೊಡೆದರೆ ಕ್ರಾಮ್ನಿಕ್ ದಾರಿ. ನನ್ನ ಎದುರಾಳಿ ಅದನ್ನು ಬಿಟ್ಟು ಇ5ರ ಕಾಲಾಳನ್ನು ಹೊಡೆದ, ಅವನಿಗೂ ಅರ್ಧ ಪಾಯಿಂಟ್ ಸಾಕಾಗಿತ್ತು ಅಂತ ಕಾಣುತ್ತದೆ. 10 ನಡೆ ಮುಗಿಯುವಾಗ ಅವನ ರಾಣಿ ಡಿ4ರಲ್ಲಿ, ನನ್ನದು ಡಿ6ರಲ್ಲಿ. ಅವನು ಇ4ಕ್ಕೆ ಹೋಗಿ ಚೆಕ್ ಅಂದ, ನಾನು ಇ6ರಲ್ಲಿ ಅಡ್ಡ ನಿಂತೆ. ಅವನು ವಾಪಸ್ ಡಿ4ಕ್ಕೆ, ನಾನು ವಾಪಸ್ ಡಿ6ಕ್ಕೆ. ಮತ್ತೆ ಇ4, ಮತ್ತೆ ಇ6. ಧೈರ್ಯ ಇದ್ದರೆ ಹೊಡಿ ಅಂತ ರಾಣಿಯರಿಬ್ಬರೂ ಎದುರುಬದುರು ನಿಲ್ಲುವುದು, ಯಾರೂ ಹೊಡೆಯದೆ ಪಕ್ಕಕ್ಕೆ ಸರಿಯುವುದು.

"ಇದು ಚೆಸ್ಸೋ, ಉಯ್ಯಾಲೆಯೋ?" ಅಂದ ಗಡ್ಡ.

"ಸುಮ್ನಿರು. ಡ್ರಾ ಕೇಳಬೇಕಾದರೆ, ಒಂದೇ ಪೊಸಿಷನ್ ಮೂರನೇ ಸಲ ಬರುವ ನಡೆಯನ್ನು ಆಡದೆ, ಬರೀ ಹಾಳೆಯಲ್ಲಿ ಬರೆದು ಆರ್ಬಿಟರನ್ನು, ಅಂದರೆ ತೀರ್ಪುಗಾರರನ್ನು, ಕರೆಯಬೇಕು. ಕರೆದೆ. ಅವರು ಹಾಳೆ ನೋಡಿದರು, ನನ್ನ ಮುಖ ನೋಡಿದರು, ಹಾಳೆ, ಮುಖ, ಹಾಳೆ, ಮುಖ..."

"ಅದೂ ಮೂರು ಸಲ!"

ಮೇಷ್ಟ್ರು ಮಾತ್ರ ನಗಲಿಲ್ಲ. "11ನೇ ನಡೆಯಲ್ಲಿ ಅವನು ಚೆಕ್ ಕೊಡದೆ ನಿನ್ನ ರಾಣಿಯನ್ನು ಹೊಡೆದಿದ್ದರೆ?"

"ಒಂಟೆಯಿಂದ ಹೊಡೆಯುತ್ತಿದ್ದೆ."

"ಆಮೇಲೆ?"

"ಆಮೇಲೆ... ನಾನು ನೋಡಿದ ವಿಡಿಯೊದಲ್ಲಿ ಅವನು ಚೆಕ್ಕೇ ಕೊಡುತ್ತಾನೆ, ಮೇಷ್ಟ್ರೇ."